ವಿಮಾನದ ಹೊಟ್ಟೆಯಲ್ಲಿ ಉಳಿದದ್ದು

ಜೂನ್ 4

ಅಣ್ಣಾ,

"ಹಾರಿ ಬಂದದ್ದರ ಹೊಟ್ಟೆಯಲ್ಲಿ ಏನೂ ಉಳಿಯಬಾರದು." ನಿನ್ನ ಆ ಸಾಲು ಹೀಗೆಯೇ ಇತ್ತೇ? ಅಥವಾ "ಏನನ್ನೂ ಉಳಿಸಿಕೊಳ್ಳಬಾರದು" ಎಂದಿತ್ತೇ? ವಿಮಾನದ ಸಾಮಾನಿನ ಪೆಟ್ಟಿಗೆಯ ಮುಚ್ಚಳದ ಒಳಗೆ ನೀನು ಪೆನ್ಸಿಲಿನಲ್ಲಿ ಬರೆದದ್ದು ಎಂಬಷ್ಟು ನೆನಪಿದೆ. ಎಣ್ಣೆ ಮೆತ್ತಿ ಕೊನೆಯ ಪದ ಅಳಿಸಿಹೋಗಿದೆ. ಉಳಿಯುವುದು ತಾನಾಗಿ ಆಗುತ್ತದೆ. ಉಳಿಸಿಕೊಳ್ಳುವುದಕ್ಕೆ ಒಬ್ಬರು ಬೇಕು. ಇಪ್ಪತ್ತು ವರ್ಷ ಪಠ್ಯಪುಸ್ತಕಗಳ ಕರಡು ತಿದ್ದಿದವಳಿಗೆ ಇಷ್ಟು ವ್ಯತ್ಯಾಸವೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಬರೆಯಲು ಕಾರಣ, ಕಪಾಟಿನ ಮೇಲಿರುವ ಇವರ ಮಾದರಿ ವಿಮಾನ ಸೋರಲು ಶುರುವಾಗಿದೆ. ಮೂರು ವರ್ಷ ಸುಮ್ಮನಿದ್ದದ್ದು ಈ ಬೇಸಿಗೆಯ ಬಿಸಿಗೆ ಕರಗಿತೋ ಏನೋ. ನಾನು ಬೆಳಿಗ್ಗೆ ಓದುವ ಕವನ ಸಂಕಲನ ಕೆಳಗೆ ಮೇಜಿನ ಮೇಲೆ ತೆರೆದಿತ್ತು. ಕಂದು ಬಣ್ಣದ ಒಂದು ತೊಟ್ಟು ಬಿದ್ದು ಪುಟ ಗಾಜಿನ ಹಾಗಾಗಿದೆ. ಈ ಬದಿಯ ಪದ್ಯದೊಳಗೆ ಆ ಬದಿಯ ಪದ್ಯ ತಿರುಗುಮುರುಗಾಗಿ ಕಾಣಿಸುತ್ತದೆ. ಪಕ್ಕದ ಮನೆಯ ಟೈಲರಮ್ಮ ರವಿಕೆ ಕೊಡಲು ಬಂದವರು ಬೆರಳಿಗೆ ಹಚ್ಚಿಕೊಂಡು ಮೂಸಿ, "ಹರಳೆಣ್ಣೆ ಕಣ್ರೀ ಇದು! ವಿಮಾನಕ್ಕೂ ಭೇದಿಗೆ ಕೊಡ್ತಾರಾ?" ಅಂದರು. ಆ ವಿಮಾನದ ಮುಂದೆ ನಿಂತು ನಾನು ನಕ್ಕದ್ದು ಮೂರು ವರ್ಷದಲ್ಲಿ ಅದೇ ಮೊದಲು.

ಅವತ್ತು ಮೈದಾನದಿಂದ ನೀನೇ ಅದನ್ನು ತಂದು ಅಲ್ಲಿಟ್ಟೆ. ಅದಕ್ಕೆ ಒಂದು ಗೀರು, ಅಷ್ಟೇ. ಗಾಳಿಯಲ್ಲಿ ಎಂಜಿನ್ ನಿಂತ ವಿಮಾನ ಪೊದೆಯ ಮೇಲೆ ಮೆತ್ತಗೆ ಇಳಿಯಿತು. ರಿಮೋಟು ಹಿಡಿದು, ಆಕಾಶ ನೋಡುತ್ತ ಅದರ ಹಿಂದೆ ಓಡಿದ ಇವರು ಮೈದಾನದ ಅಂಚಿನ ಕಾಂಕ್ರೀಟ್ ಚರಂಡಿಗೆ ಬಿದ್ದರು. ಮತ್ತೆ ಏಳಲಿಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ. ನಾನು ಇದುವರೆಗೆ ಒಂದು ಸಲವೂ ಬರೆದಿರಲಿಲ್ಲ, ಬರೆದು ನೋಡಿದೆ.

ಆ ತಿಂಗಳೇ ನೀನು ಎರಡು ದಿನದ ರೈಲು ದಾರಿಯಾಚೆಯ ಆಸ್ಪತ್ರೆಗೆ ಕೆಲಸ ಬದಲಾಯಿಸಿಕೊಂಡು ಹೋದೆ. ಫೋನಿನಲ್ಲಿ "ಹೂಂ", "ಉಹೂಂ" ಎರಡರಲ್ಲೇ ಮುಗಿಸುತ್ತೀಯ. ಕಾಗದದಲ್ಲಾದರೆ ಕ್ರಿಯಾಪದ ಹಾಕಲೇಬೇಕಲ್ಲ, ಅದಕ್ಕೇ ಕಾಗದ. ಟ್ಯಾಂಕು, ಕೊಳವೆ ಎಲ್ಲ ಹೇಗೆ ಶುಚಿ ಮಾಡುವುದು, ತಿಳಿಸು.

ನಿನ್ನ ತಂಗಿ


ಜೂನ್ 15

ಕಾಗುಣಿತಮ್ಮನಿಗೆ,

ಆ ಸಾಲು ನನ್ನದಲ್ಲ, ಭಾವನದು. ಕೈಬರಹ ಮಾತ್ರ ನನ್ನದು. "ಹೊಟ್ಟೆ ಖಾಲಿ ಮಾಡದೆ ಮನೆಗೆ ತರಬೇಡಯ್ಯ" ಅಂದಿದ್ದರು. ನಾನು ಅದಕ್ಕೆ ಸ್ವಲ್ಪ ಇಸ್ತ್ರಿ ಹಾಕಿ ಬರೆದೆ. ಕೊನೆಯ ಪದ ಏನಿತ್ತೋ ನನಗೂ ನೆನಪಿಲ್ಲ. ಅವತ್ತು ಟ್ಯಾಂಕು ಖಾಲಿ ಮಾಡುವುದು ಯಾರಿಗೂ ಹೊಳೆಯಲಿಲ್ಲ.

ನೀನು ಅದಕ್ಕೆ ಕೈ ಹಾಕಬೇಡ. ಅದರ ಇಂಧನ ಮೆಥನಾಲು, ವಿಷ. ಅದು ಆರಿಹೋಗಿರಬಹುದು, ಉಳಿದಿರುವುದು ಅದಕ್ಕೆ ಬೆರೆಸಿದ್ದ ಹರಳೆಣ್ಣೆ ಮಾತ್ರ, ಆದರೂ ಬೇಡ. ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ನನಗೆ ಪಾರ್ಸೆಲ್ ಮಾಡು. ಇಲ್ಲದಿದ್ದರೆ ಯಾರಿಗಾದರೂ ಕೊಟ್ಟುಬಿಡು. ನಿನ್ನ ಪುಸ್ತಕಗಳನ್ನು ಬೇರೆ ಕಡೆ ಇಡು.

ಇಲ್ಲಿ ಕೆಲಸ ಹೆಚ್ಚು. ನೆಬ್ಯುಲೈಸರು, ಸಕ್ಷನ್ ಯಂತ್ರ, ಎಲ್ಲದಕ್ಕೂ ಟ್ಯೂಬು ಬದಲಾಯಿಸುವುದೇ ಬದಲಾಯಿಸುವುದು. ಊಟ, ನಿದ್ದೆ ಸರಿಯಾಗಿದೆ.

ಅಣ್ಣ


ಜೂನ್ 22

ಅಣ್ಣಾ,

ಪಾರ್ಸೆಲ್ ಮಾಡುವುದಿಲ್ಲ. ಯಾರಿಗೂ ಕೊಡುವುದೂ ಇಲ್ಲ. ಹಳೆಯ ಚಪ್ಪಲಿಯನ್ನೂ ತೊಳೆದು ಬಿಸಾಡುತ್ತಿದ್ದವರು ಇವರು. ಕೊಡುವುದಾದರೂ ಶುಚಿ ಮಾಡಿಯೇ ಕೊಡಬೇಕು.

ಅದನ್ನು ನನ್ನ ಕೈಗೆ ಬಿಡಲು ನೀನು ಹೆದರುತ್ತೀಯ ಎಂಬುದು ಪ್ರತಿ ವಾಕ್ಯದಲ್ಲೂ ಕಾಣಿಸುತ್ತಿದೆ. ಯಾಕೆಂದು ನನಗೆ ಗೊತ್ತು, ಅಣ್ಣಾ. ಮೂರು ವರ್ಷದಿಂದ ಗೊತ್ತು. ನೀನು ಈ ಮನೆಗೆ ಬರುವುದನ್ನು ಬಿಟ್ಟದ್ದು ಯಾಕೆಂದೂ ಗೊತ್ತು. ನೀನೂ ಹೇಳಬೇಡ, ನಾನೂ ಕೇಳುವುದಿಲ್ಲ. ಕೆಲಸ ಮಾತ್ರ ಹೇಳಿಕೊಡು.

ಸುಮ್ಮನೆ ಒಂದು ಪ್ರಶ್ನೆ, ತಿಳಿದುಕೊಳ್ಳಲು ಅಷ್ಟೇ. ವಿಮಾನವನ್ನು ಮೂಗಿನ ಮೇಲೆ ನಿಲ್ಲಿಸಿಟ್ಟರೆ ಟ್ಯಾಂಕಿಗೆ ಏನಾದರೂ ಆಗುತ್ತದೆಯೇ?

ಟೈಲರಮ್ಮ ಹಳೆಯ ಬಟ್ಟೆಯ ಚೂರುಗಳನ್ನು ಒಂದು ಚೀಲ ತುಂಬ ಕೊಟ್ಟಿದ್ದಾರೆ. "ಒರೆಸೋಕೆ ಬೇಕಾಗುತ್ತೆ. ಭೇದಿ ಕೇಸು ಅಂದ್ರೆ ಸುಮ್ನೇನಾ?" ಎಂದರು.

ನಿನ್ನ ತಂಗಿ


ಜುಲೈ 3

ತಂಗೀ,

ನಿನಗೆ ಏನು ಗೊತ್ತು ಎಂದು ನನಗೆ ಗೊತ್ತಿಲ್ಲ. ಕೇಳುವುದಿಲ್ಲ ಎಂದೂ ಬರೆದಿದ್ದೀಯ. ಸರಿ.

ಕೆಲಸ ಹೇಳುತ್ತೇನೆ. ಕಿಟಕಿ ತೆರೆದಿಡು, ಒಲೆ ಹಚ್ಚಿರಬಾರದು. ಎಂಜಿನ್ನಿನ ಹಿಂದೆ ಒಂದು ಸಣ್ಣ ಮುಚ್ಚಳವಿದೆ, ಎರಡು ತಿರುಪು. ಬಿಚ್ಚಿದರೆ ಸ್ಪಂಜು ಸುತ್ತಿದ ಪ್ಲಾಸ್ಟಿಕ್ ಟ್ಯಾಂಕು ಕಾಣುತ್ತದೆ. ಸ್ಪಂಜು ಯಾಕೆಂದರೆ, ಎಂಜಿನ್ನಿನ ನಡುಕಕ್ಕೆ ಇಂಧನ ನೊರೆಯಾಗಬಾರದು. ನೊರೆ ಎಂದರೆ ಗಾಳಿ. ಎಂಜಿನ್ನಿಗೆ ಒಂದು ಗುಟುಕು ಗಾಳಿ ಹೋದರೂ ಕೆಮ್ಮುತ್ತದೆ, ಎರಡು ಗುಟುಕಿಗೆ ನಿಲ್ಲುತ್ತದೆ. ಟ್ಯಾಂಕಿನಿಂದ ಎರಡು ಟ್ಯೂಬು ಹೊರಬರುತ್ತವೆ. ಒಂದು ಕಾರ್ಬುರೇಟರಿಗೆ, ಇನ್ನೊಂದು ಸೈಲೆನ್ಸರಿಗೆ. ಯಾವುದು ಎಲ್ಲಿಗೆ ಎಂದು ದಾರ ಕಟ್ಟಿ ಗುರುತು ಮಾಡಿಕೋ, ಅದಲುಬದಲಾಗಬಾರದು. ದೊಡ್ಡ ಸಿರಿಂಜಿನಲ್ಲಿ ಸ್ಪಿರಿಟ್ಟು ಎಳೆದು ಒಂದರಲ್ಲಿ ತಳ್ಳು, ಇನ್ನೊಂದರಲ್ಲಿ ಬರಲಿ. ತಿಳಿಯಾಗುವವರೆಗೆ ಮಾಡು. ದಾರಿಯಲ್ಲಿರುವ ಸಣ್ಣ ಫಿಲ್ಟರಿನ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜು. ಹೊರಗಿನ ಟ್ಯೂಬುಗಳು ಗಟ್ಟಿಯಾಗಿರುತ್ತವೆ, ಬದಲಾಯಿಸು. ಒಂದು ಮೊಳ ಹೊಸ ಟ್ಯೂಬನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ.

ನಿನ್ನ ಪ್ರಶ್ನೆ. ಟ್ಯಾಂಕಿನ ಒಳಗೂ ಒಂದು ಮೆತ್ತನೆಯ ಟ್ಯೂಬು ಇದೆ. ಅದರ ತುದಿಗೆ ಹಿತ್ತಾಳೆಯ ಗುಂಡು. ವಿಮಾನ ಯಾವ ಕಡೆಗೆ ವಾಲಿದರೂ ಇಂಧನ ಆ ಕಡೆಗೆ ಹೋಗುತ್ತದೆ, ಗುಂಡೂ ಜೊತೆಗೇ ಹೋಗಿ ಅದರಲ್ಲಿ ಮುಳುಗಿರುತ್ತದೆ. ಮೂಗಿನ ಮೇಲೆ ನಿಲ್ಲಿಸಿದರೆ ಗುಂಡು ಮುಂದಕ್ಕೆ ಬಿದ್ದು, ಟ್ಯೂಬು ಮಡಚಿ, ಅಲ್ಲೇ ಸಿಕ್ಕಿಕೊಳ್ಳಬಹುದು. ಆಮೇಲೆ ಹಾರಿಸಿದರೆ ಟ್ಯಾಂಕು ಅರ್ಧವಾಗುವವರೆಗೆ ಸರಿ. ನಂತರ ಗಾಳಿ ಎಳೆದು ಎಂಜಿನ್ ನಿಲ್ಲುತ್ತದೆ. ಪುಸ್ತಕದ ಮಾತು ಹೇಳಿದೆ.

ಟ್ಯಾಂಕಿನ ಬಿರಡೆ ಮಾತ್ರ ತೆಗೆಯಬೇಡ. ಒಳಗಿನ ಟ್ಯೂಬು ಚೆನ್ನಾಗಿಯೇ ಇದೆ. ತೆಗೆಯುವ ಅಗತ್ಯವಿಲ್ಲ.

ಅಣ್ಣ


ಜುಲೈ 29

ಅಣ್ಣಾ,

ತೆಗೆದೆ.

ನೀನು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದೆ. ರಜೆಯ ದಿನ, ಬೆಳಗಿನ ಬೆಳಕು ಮೇಜಿನ ಮೇಲೆ ಬೀಳುವ ಹೊತ್ತಿಗೆ ಕೂತೆ. ಎರಡು ತಿರುಪಿಗೆ ಎರಡು ಬಟ್ಟಲು. ಸ್ಪಂಜು ಕಪ್ಪಾಗಿ, ಮುಟ್ಟಿದರೆ ಪುಡಿಪುಡಿಯಾಯಿತು. ಟ್ಯಾಂಕನ್ನು ಹೊರಗೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡೆ. ಇಷ್ಟೇ ಇಷ್ಟು. ನಮ್ಮ ಸ್ಟೀಲು ಲೋಟದಲ್ಲಿ ಅರ್ಧ ಹಿಡಿಯುವಷ್ಟು. ಅದರೊಳಗೆ ಎಣ್ಣೆ ಒಣಗಿದ ಗೋಂದಿನಂತೆ ಪದರ ಕಟ್ಟಿತ್ತು, ಸರಿಯಾಗಿ ಅರ್ಧದ ಗೆರೆಯವರೆಗೆ. ಅಂದರೆ ಅವತ್ತು ಇಂಧನ ಮುಗಿದಿರಲಿಲ್ಲ. ಇದ್ದೂ ಎಂಜಿನ್ನಿಗೆ ಸಿಗಲಿಲ್ಲ. ಆ ಗೆರೆಯನ್ನು ಕಂಡ ಮೇಲೆ ಬಿರಡೆ ತೆಗೆಯದೆ ಇರಲು ನನ್ನಿಂದಾಗಲಿಲ್ಲ.

ಗುಂಡು ಮುಂದಕ್ಕೆ ಬಿದ್ದು ಸಿಕ್ಕಿಕೊಂಡಿತ್ತು, ಅಣ್ಣಾ. ನೀನು ಪುಸ್ತಕದ ಮಾತು ಅಂದೆಯಲ್ಲ, ಹಾಗೆಯೇ.

ಈಗ ಹೇಳಿಬಿಡುತ್ತೇನೆ. ಇವರು ಬಿದ್ದ ಹಿಂದಿನ ದಿನ, ಶುಕ್ರವಾರ ಸಂಜೆ, ನಾನು ನೆಲ ಒರೆಸುತ್ತಿದ್ದೆ. ರೆಕ್ಕೆ ಬಿಚ್ಚಿದ ವಿಮಾನ ನಡುಮನೆಯಲ್ಲಿ ಅಡ್ಡ ಮಲಗಿತ್ತು. ಎತ್ತಿ ಮೂಲೆಗೆ ಒರಗಿಸಿದೆ. ಬಾಲ ಸೂಕ್ಷ್ಮವೆಂದು ಇವರು ಹೇಳುತ್ತಿದ್ದರಲ್ಲ, ಅದಕ್ಕೇ ಜಾಣೆಯ ಹಾಗೆ ಮೂಗಿನ ಮೇಲೆ ನಿಲ್ಲಿಸಿದೆ. ನೆಲ ಆರಿದ ಮೇಲೆ ಮಲಗಿಸಿದೆ. ಇವರಿಗೆ ಹೇಳಲಿಲ್ಲ. ಹೇಳುವಂಥ ವಿಷಯ ಅಂತಲೂ ಅನ್ನಿಸಿರಲಿಲ್ಲ. ಒಂದು ತಿಂಗಳಾದ ಮೇಲೆ ಇವರ ಒಂದು ಪುಸ್ತಕದಲ್ಲಿ, ಅಡಿಗೆರೆ ಎಳೆದಿದ್ದ ಒಂದು ವಾಕ್ಯ ಓದಿದೆ: ಮಾದರಿಯನ್ನು ಎಂದೂ ಮೂಗಿನ ಮೇಲೆ ನಿಲ್ಲಿಸಬೇಡಿ. ನೀನು ಅವತ್ತು ಟ್ಯಾಂಕು ನೋಡಿಯೇ ತಿಳಿದುಕೊಂಡು, ನನ್ನ ಮುಖ ನೋಡಲಾಗದೆ ಹೋದೆ ಎಂದು ಅಂದಿನಿಂದ ನಂಬಿದ್ದೇನೆ.

ಒಳಗೆ ನೀನು ಹಾಕಿದ್ದ ಟ್ಯೂಬು ಹೊಸದರ ಹಾಗೇ ಇತ್ತು. ಒಂದು ಗೀರೂ ಇಲ್ಲ. ಆದರೂ ನೀನು ಕಳಿಸಿದ್ದನ್ನು ಕತ್ತರಿಸಿ ಒಳಗೂ ಹಾಕಿದ್ದೇನೆ.

ನಿನ್ನ ತಂಗಿ


ಆಗಸ್ಟ್ 24

ಅಣ್ಣಾ,

ಹೋದ ತಿಂಗಳ ನನ್ನ ಕಾಗದ ತಲುಪಿತೇ? ತಲುಪಿದ್ದರೆ ಒಂದು "ಹೂಂ" ಆದರೂ ಬರೆ.


ಅಕ್ಟೋಬರ್ 6

ತಂಗೀ,

ತಲುಪಿತ್ತು. ಆಗಸ್ಟಿನ ಮೊದಲ ವಾರದಲ್ಲೇ.

ನೀನು ಬರೆದದ್ದು ಸುಳ್ಳು. ಗುಂಡು ಸಿಕ್ಕಿಕೊಂಡಿರಲಿಲ್ಲ. ನನಗೆ ಹೇಗೆ ಗೊತ್ತು ಅಂತ ಕೇಳಬಹುದು. ನೀನು ಒಂದು ಸಲವೂ ಮೈದಾನಕ್ಕೆ ಬಂದವಳಲ್ಲ, ಅದಕ್ಕೆ ನಿನಗೆ ಇದು ಗೊತ್ತಿಲ್ಲ. ಪ್ರತಿ ಸಲ ಇಂಧನ ತುಂಬುವ ಮುಂಚೆ ಭಾವ ವಿಮಾನವನ್ನು ಕಿವಿಯ ಹತ್ತಿರ ಹಿಡಿದು, ಬಾಲ ಕೆಳಗೆ ಮಾಡಿ ಅಲ್ಲಾಡಿಸುತ್ತಿದ್ದರು. ಗುಂಡು ಹಿಂದಕ್ಕೆ ಬಿದ್ದು "ಟಕ್" ಅನ್ನಬೇಕು. ಅನ್ನುವವರೆಗೂ ಬಿಡುತ್ತಿರಲಿಲ್ಲ. ಅವತ್ತೂ ಅಲ್ಲಾಡಿಸಿದರು. ಅವರು ಕೇಳಿದರು, ನಾನೂ ಕೇಳಿದೆ. ನೀನು ಮೂಗಿನ ಮೇಲೆ ನಿಲ್ಲಿಸಿದ್ದು ಅಷ್ಟಕ್ಕೇ ತೀರಿಹೋಯಿತು. ಮೂರು ವರ್ಷ ಅದನ್ನು ಹೊತ್ತುಕೊಂಡು ತಿರುಗಿದೆಯಲ್ಲೇ. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳುವ ಹಾಗೆ ನಾನು ಹತ್ತಿರ ಇರಲಿಲ್ಲ.

ಆಮೇಲೆ ಅವರು ನನ್ನ ಕಡೆ ತಿರುಗಿ, "ಒಳಗಿನ ಟ್ಯೂಬು ಬದಲಾಯಿಸಿದೆಯೇನಯ್ಯಾ?" ಅಂದರು. "ಆಯ್ತು ಭಾವ" ಅಂದೆ.

ಆಗಿರಲಿಲ್ಲ. ಹೊಸ ಟ್ಯೂಬು ನನ್ನ ಚೀಲದಲ್ಲೇ ಇತ್ತು. ಇಪ್ಪತ್ತು ನಿಮಿಷದ ಕೆಲಸ. ಹಿಂದಿನ ವಾರ ಸೋಮಾರಿತನ ಮಾಡಿದೆ. ಅವತ್ತು ಗಾಳಿ ಚೆನ್ನಾಗಿತ್ತು, ಎರಡು ಸುತ್ತು ಹಾರಿಸಿ ಆಮೇಲೆ ಬದಲಾಯಿಸೋಣ ಅಂದುಕೊಂಡೆ. ಒಳಗಿನ ಟ್ಯೂಬು ಹೊರಗಿನಿಂದ ಕಾಣುವುದಿಲ್ಲ, ಅದಕ್ಕೆ "ಟಕ್" ಎನ್ನುವ ಸದ್ದೂ ಇಲ್ಲ. ಅದರ ಬಗ್ಗೆ ಅವರಿಗೆ ಇದ್ದದ್ದು ನನ್ನ ಮಾತೊಂದೇ. ಆಸ್ಪತ್ರೆಯಲ್ಲಿ ದಿನಾ ಟ್ಯೂಬು ಬದಲಾಯಿಸಿ, ತಾರೀಕು ಬರೆದು, ಸಹಿ ಹಾಕುವವನು ನಾನು.

ಜುಲೈಯಲ್ಲಿ ನಿನಗೆ ಕಳಿಸಿದ್ದು ಅದೇ ಟ್ಯೂಬು.

"ಯಾಕೆಂದು ನನಗೆ ಗೊತ್ತು" ಅಂತ ನೀನು ಬರೆದಾಗ ಇದು ನಿನಗೆ ತಿಳಿದಿದೆ ಅಂದುಕೊಂಡೆ. ಆಮೇಲೆ ನಿನ್ನ ದೊಡ್ಡ ಕಾಗದ ಬಂತು. ಓದಿದವನು ತಕ್ಷಣ ಬರೆಯಬೇಕಿತ್ತು. ಬರೆಯಲಿಲ್ಲ. ನಿನ್ನ ಸುಳ್ಳನ್ನು ಎರಡು ತಿಂಗಳು ಹೊದ್ದುಕೊಂಡು ಮಲಗಿದೆ. ಹೇಳಲು ನಾಚಿಕೆಯಾಗುತ್ತದೆ, ಒಳ್ಳೆಯ ನಿದ್ದೆ ಬಂತು. ಒಂದೊಂದು ದಿನ ಗುಂಡು ನಿಜವಾಗಿಯೂ ಸಿಕ್ಕಿಕೊಂಡಿತ್ತೇನೋ ಅಂತ ನನಗೇ ಅನ್ನಿಸಲು ಶುರುವಾಯಿತು. ಆಗ ಹೆದರಿಕೆಯಾಯಿತು.

ತಪ್ಪನ್ನು ಹೊಟ್ಟೆಗೆ ಹಾಕಿಕೋ ಅಂತ ಕೇಳುವ ಬಾಯಿ ನನಗಿಲ್ಲ. ಬರಲೇ ಅಂತ ಮಾತ್ರ ಕೇಳುತ್ತೇನೆ.

ಅಣ್ಣ


ಅಕ್ಟೋಬರ್ 30

ಅಣ್ಣನಿಗೆ,

ಬರಬೇಡ.

ಗುಂಡು ಹಿಂದೆಯೇ ಇತ್ತು. ಬೆರಳಲ್ಲಿ ತಳ್ಳಿದರೆ ಆರಾಮಾಗಿ ಓಡಾಡುತ್ತಿತ್ತು. ಒಳಗಿನ ಟ್ಯೂಬು ಬಿರಡೆಯ ಹಿತ್ತಾಳೆ ನಳಿಕೆಗೆ ಕೂಡುವಲ್ಲಿ ಸೀಳಿತ್ತು. ಉಗುರಿನ ಅಂಚಿನಷ್ಟು. ತುಂಬಿದ ಟ್ಯಾಂಕಿನಲ್ಲಿ ಆ ಸೀಳು ಮುಳುಗಿರುತ್ತದೆ, ಅರ್ಧವಾದ ಮೇಲೆ ಬಾಯಿ ತೆರೆದು ಗಾಳಿ ಕುಡಿಯುತ್ತದೆ. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಚ್ಚಿನ ದೋಷ ಹುಡುಕಿ ಹುಡುಕಿ ಸವೆದ ಕಣ್ಣು, ಮೊದಲ ನೋಟಕ್ಕೇ ಕಂಡಿತು.

ಹಾಗಾದರೆ ಯಾಕೆ ಸುಳ್ಳು ಬರೆದೆ? ಬರೆಯುವಾಗ ಅದು ಕರುಣೆ ಅಂತಲೇ ನಂಬಿದ್ದೆ. ತಪ್ಪು ನನ್ನದೆಂದು ಮೂರು ವರ್ಷ ಅಭ್ಯಾಸವಾಗಿತ್ತು, ಇನ್ನಷ್ಟು ದಿನ ಹೊತ್ತರೆ ಭಾರವೇನು ಅನ್ನಿಸಿತು. ನಮಗಿಬ್ಬರಿಗೂ ಉಳಿದಿರುವುದು ನಾವಿಬ್ಬರೇ ಎಂದೂ ಅನ್ನಿಸಿತು. ಆಗಸ್ಟ್ ಕಳೆಯಿತು, ಸೆಪ್ಟೆಂಬರ್ ಕಳೆಯಿತು. ಅಂಚೆಯವನು ನಮ್ಮ ಮೆಟ್ಟಿಲು ದಾಟಿ ಹೋದ ಪ್ರತಿ ದಿನವೂ ನನಗೆ ಗೊತ್ತಾಗುತ್ತ ಬಂತು, ಅದು ಕರುಣೆಯಲ್ಲ, ಪರೀಕ್ಷೆ. ನೀನು ಸುಮ್ಮನಿರುತ್ತೀಯೋ ಇಲ್ಲವೋ ನೋಡಬೇಕಿತ್ತು. ನೀನು ಸುಮ್ಮನಿದ್ದೆ. ಕೊನೆಗೆ ಹೇಳಿದೆ, ನಿಜ. ಆದರೆ ಅರವತ್ತು ದಿನ ಸುಮ್ಮನಿದ್ದೆ.

ಮೂಗಿನ ಮೇಲೆ ನಿಲ್ಲಿಸಿದೆನಲ್ಲ ಎಂದು ನಾನು ಇವರ ಫೋಟೋ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದೆ. ಆ ಮೂರು ವರ್ಷ ನನ್ನವಾಗಿದ್ದವು. ಅವನ್ನು ಯಾರು ತಂದುಕೊಡುತ್ತಾರೆ?

ಹಳೆಯ ಟ್ಯೂಬು ಈ ಲಕೋಟೆಯಲ್ಲಿದೆ. ಇದು ನಿನ್ನದು.


ನವೆಂಬರ್ 21

ಅಣ್ಣಾ,

ಹೋದ ಕಾಗದದ ಮೊದಲ ಪದದ ಮೇಲೆ ಮೂರು ವಾರ ಕೂತಿದ್ದೇನೆ. ಕರಡಿನಲ್ಲಾದರೆ ಒಂದು ಗೀಟು ಹಾಕಿ ಅಂಚಿನಲ್ಲಿ ಬೇರೆ ಪದ ಬರೆದುಬಿಡಬಹುದು. ಅಂಚೆಗೆ ಹಾಕಿದ ಪದಕ್ಕೆ ಅಂಚು ಎಲ್ಲಿಂದ ಬರಬೇಕು?

ನಿನ್ನೆ ಟ್ಯಾಂಕನ್ನು ಪರೀಕ್ಷೆ ಮಾಡಿದೆ. ಇವರ ಪುಸ್ತಕದಲ್ಲಿ ವಿಧಾನವಿದೆ. ಒಂದು ಟ್ಯೂಬನ್ನು ಬೆರಳಿನಿಂದ ಮುಚ್ಚಿ, ಇನ್ನೊಂದರಲ್ಲಿ ಊದುತ್ತ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಬೇಕು. ಎಲ್ಲಿ ಸೋರಿದರೂ ಗುಳ್ಳೆ ಏಳುತ್ತದೆ. ಕೆನ್ನೆ ನೋಯುವವರೆಗೂ ಊದಿದೆ. ಟೈಲರಮ್ಮ ಕನ್ನಡಕ ಏರಿಸಿಕೊಂಡು ಬಕೆಟ್ಟಿಗೆ ಬಗ್ಗಿ ಕಾವಲು ಕೂತಿದ್ದರು. "ಒಂದೂ ಇಲ್ಲ ಕಣ್ರೀ. ಸಾಕು ಬಿಡಿ, ನಿಮ್ಮ ಕಣ್ಣೇ ಹೊರಗೆ ಬರ್ತಿದೆ," ಅಂದರು. ಟ್ಯಾಂಕು ಒಣಗಿಸಿ, ಹೊಸ ಸ್ಪಂಜು ಸುತ್ತಿ, ಒಳಗೆ ಕೂರಿಸಿ ಎರಡು ತಿರುಪು ಹಾಕಿದೆ. ಆಮೇಲೆ ವಿಮಾನವನ್ನು ಕಿವಿಯ ಹತ್ತಿರ ಹಿಡಿದು, ಬಾಲ ಕೆಳಗೆ ಮಾಡಿ ಅಲ್ಲಾಡಿಸಿದೆ. "ಟಕ್" ಅಂತು. ಅವರು ಕೇಳುತ್ತಿದ್ದ ಸದ್ದು. ನೀನು ಹೇಳದಿದ್ದರೆ ಅಂಥದ್ದೊಂದು ಇದೆಯೆಂದೇ ನನಗೆ ತಿಳಿಯುತ್ತಿರಲಿಲ್ಲ. ಮತ್ತೆ ಮತ್ತೆ ಅಲ್ಲಾಡಿಸಿದೆ. ನೆಲದ ಮೇಲೆ ಕೂತು ಅತ್ತೆ. ಈಗ ಓದಿ ನೋಡಿದರೆ "ಇವರು" ಎಂದು ಬರೆಯುವ ಕಡೆ "ಅವರು" ಎಂದು ಬಂದಿದೆ. ತಿದ್ದುವುದಿಲ್ಲ.

ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದೇನೆ ಎಂದು ಬರೆದರೆ ಅದು ನನ್ನ ಎರಡನೆಯ ಸುಳ್ಳಾಗುತ್ತದೆ. ಸಿಟ್ಟು ಇದೆ. ಬೆಳಿಗ್ಗೆ ಎದ್ದ ಕೂಡಲೇ ಇದೆ, ಕರಡು ತಿದ್ದುವಾಗ ಇದೆ. ಆದರೆ ಎರಡು ದಿನದ ರೈಲು ದಾರಿಯ ಆಚೆಗಿರುವವರ ಮೇಲೆ ಸಿಟ್ಟಾಗುವುದು ಗೋಡೆಗೆ ಮಾತಾಡಿದ ಹಾಗೆ, ಅಣ್ಣಾ. ಬಯ್ಯುವುದಕ್ಕಾದರೂ ಎದುರಿಗೆ ಒಂದು ಮುಖ ಬೇಕು. ಆ "ಆಯ್ತು ಭಾವ" ಎಂಬ ಮಾತನ್ನು ನೀನು ನನ್ನ ಎದುರು ಕೂತು ಒಂದು ಸಲ ಹೇಳಬೇಕು, ಯಾವ ದನಿಯಲ್ಲಿ ಹೇಳಿದ್ದೆಯೋ ಅದೇ ದನಿಯಲ್ಲಿ. ನಾನು ಕೇಳಿಸಿಕೊಳ್ಳಬೇಕು. ಆಮೇಲೆ ಏನಾಗುತ್ತದೋ ನನಗೂ ಗೊತ್ತಿಲ್ಲ. ಆದ್ದರಿಂದ

ಈ ವಾಕ್ಯ ಮುಗಿಯುವ ಮುಂಚೆ ಬಾಗಿಲು ಬಡಿದ ಸದ್ದಾಯಿತು, ಎದ್ದು ಹೋದೆ. ಈ ಕಾಗದಕ್ಕೆ ಇನ್ನು ಸ್ಟಾಂಪು ಬೇಕಾಗಿಲ್ಲ, ಕೈಗೇ ಕೊಡುತ್ತೇನೆ. ಟೈಲರಮ್ಮ ಬಾಗಿಲಲ್ಲಿ ನಿಂತು ಹೇಳಿದ್ದನ್ನು ಮಾತ್ರ ಒಂದಕ್ಷರ ಬಿಡದೆ ಬರೆದಿಟ್ಟು ಇಳಿದು ಬರುತ್ತೇನೆ:

"ರೀ, ಬರೆಯೋದು ಆಮೇಲೆ ಬರೀರಿ. ಕೆಳಗೆ ಗೇಟಿನ ಹತ್ರ ಒಬ್ರು ಎಂಟು ಗಂಟೆಯಿಂದ ನಿಂತೇ ಇದಾರೆ. ಯಾರು ಬೇಕು ಅಂದೆ, ನಿಮ್ಮ ಕಿಟಕಿ ತೋರಿಸಿದ್ರು. ಮತ್ತೆ ಮೇಲೆ ಹೋಗಿ ಅಂದ್ರೆ, 'ಬರಬೇಡ ಅಂತ ಬರೆದಿದಾಳೆ, ಅದಕ್ಕೇ ಬಂದಿಲ್ಲ, ಬೀದೀಲಿ ನಿಂತಿದೀನಿ' ಅಂತಾರೆ. ಇದ್ಯಾವ ಸೀಮೆ ಲೆಕ್ಕ! ಮೂಗು ಮಾತ್ರ ಥೇಟ್ ನಿಮ್ದೇ. ಈಗ ನೀವು ಇಳಿದು ಬರ್ತೀರೋ, ಇಲ್ಲಾ ನಾನೇ ಅವರಿಗೊಂದು ಕುರ್ಚಿ ಹಾಕ್ಲೋ?"